ಕರಿಗೇರು

ನೆತ್ತರಿಗೆ ತಣ್ಣೀರು.
ಒಂದು ಹಿಡಿ ಉಪ್ಪು ಹಾಕಿ ನೆನಸಿ ಬಿಡಬೇಕು.
ಬಿಸಿನೀರು ತಾಕಿತೋ, ನೂಲೊಳಗ ಕುಂತುಬಿಡತೈತಿ,
ಮತ್ತೆ ಏಳಂಗಿಲ್ಲ.
ನಮ್ಮತ್ತಿ ಹೇಳಿಕೊಟ್ಟಿದ್ದು, ಅಕಿಗೆ ಅಕಿ ಅತ್ತಿ.
ಆಗ ಹೆಂಗಸರ ಸೀರಿಗಷ್ಟೇ ಬೇಕಿತ್ತು ಈ ವಿದ್ಯೆ.

ಅದಿರಿನ ಧೂಳೂ ಕೆಂಪೇ.
ಸಂಡೂರ ಕಡಿಂದ ಲಾರಿ ಹತ್ತಿ ಬಂದ ಅಂಗಿ
ಮೂರು ನೀರಿಗೂ ಕೆಂಪು ಬಿಡತೈತಿ,
ಆದರ ಅದಕ್ಕ ವಾಸನಿ ಇಲ್ಲ.
ಕಣ್ಣು ಕಟ್ಟಿ ಕೊಡ್ರಿ, ಯಾವುದು ಯಾವುದಂತ ಹೇಳತೀನಿ.

ಕೌಲ್ ಬಜಾರಿನ ಎರಡು ಮನಿ ಬಟ್ಟಿ ನಾನೇ ಒಗಿಯೋದು.
ಬಂಡಿಮನಿಯವರ ಕಾಲರಿನೊಳಗ ಒಂದು ಚುಕ್ಕಿ,
ಎಣ್ಣಿಮಿಲ್ಲಿನವರದಕ್ಕ ಗುಣಾಕಾರ.
ಕರಿಗೇರು ಚುಚ್ಚಿ ಹಾಕಿದ ಗುರುತು,
ಬಟ್ಟಿ ಹರಿದರೂ ಅದು ಉಳಿಯೋದು.

ಹಗರಿ ಉಸುಕಿಗಂತ ಒಮ್ಮೆ ಕಡಿದಾಡಿದರು.
ಯಾವ ಓಣಿ ಮಟ್ಕಾ ಚೀಟಿ ಯಾರದಂತ ಇನ್ನೊಮ್ಮೆ.
ಆಮ್ಯಾಲ ಯಾತಕ್ಕಂತ ಅವರಿಗೂ ಮರತಿತ್ತು,
ಕೈಗೆ ಮರತಿದ್ದಿಲ್ಲ.
ನನ್ನ ಗಂಟಿನೊಳಗ ಮಾತ್ರ
ಅವರ ತೋಳು ಇವರ ಹೆಗಲ ಮ್ಯಾಲೆ,
ಲುಂಗಿಗೆ ಲುಂಗಿ ಸುತ್ತಿಕೊಂಡು
ಸುಂಕಣ್ಣನ ಟಿವಿಎಸ್ ಹತ್ತಿ ಊರೆಲ್ಲ ಸುತ್ತೋವು.

ಯಾರಿಗೆ ಎಲ್ಲಿ ಬಿತ್ತಂತ
ಪೊಲೀಸರಿಗಿಂತ ಮೊದಲು ನನಗ ಗೊತ್ತು.
ತೋಳು ಸೀಳಿ ಬಂದಿದ್ದರ, ಬದುಕ್ಯಾನ.
ಅಂಗೀನ ಬರದಿದ್ದರ, ಲೆಕ್ಕದಾಗ ಒಂದು ಕಮ್ಮಿ ಬರಕೊಂಡು
ಸುಮ್ಮನಾಗತಿದ್ದೆ.

ಆ ವಾರ ನನಗ ಜ್ವರ.
ಸುಂಕಣ್ಣ ಮಡಿಚಿ ಕೊಟ್ಟ, ಹೊತ್ತು ಮುಳುಗಿದರ ಅವಗ ಗುರುತು ಕಾಣಂಗಿಲ್ಲ.
ಜ್ವರ ಇತ್ತು ಅಂತ ಈಗಲೂ ಹೇಳತೀನಿ, ಕೇಳದಿದ್ದರೂ.
ಎಣ್ಣಿಮಿಲ್ಲಿನ ಎರಡನೇ ಮಗನ ಗಿಳಿಹಸಿರು ಅಂಗಿ
ಬಂಡಿಮನಿ ಗಂಟಿಗೆ ಬಿತ್ತು.

ಗಾದಿಲಿಂಗಗ ಇಪ್ಪತ್ತೆರಡು.
ಹೊಸ ಅಂಗಿ ಯಾರದಂತ ಯಾವ ಹುಡುಗ ಕೇಳತಾನ?
ಕರೆಂಟು ಹೋಗಿತ್ತು. ಬೀಡಿ ತರತೀನಿ ಅಂತ ಹೋದ.
ಮೋರಿ ಹಿಂದ ಕಾದು ಕುಂತವರಿಗೆ
ಮುಖದ ಮಾತು ಯಾರೂ ಹೇಳಿದ್ದಿಲ್ಲ,
ಹಸಿರಂಗಿ ಅಂತಷ್ಟೇ ಹೇಳಿದ್ದರು.
ಹೇಳಿದವ ಅವನ ಚಿಗಪ್ಪ.

ಹೆಣಕ್ಕ ಹೆಗಲು ಕೊಟ್ಟವನೂ ಅವನೇ,
ಎಲ್ಲರಿಗಿಂತ ಮುಂದ, ಎಲ್ಲರಿಗಿಂತ ಜೋರಾಗಿ ಅಳಕೋತ.
ಸರ್ಕಲ್ಲಿನಾಗ ಫ್ಲೆಕ್ಸ್ ನಿಂತಿತು: ಕೂಲಿಂಗ್ ಗ್ಲಾಸು, ಎರಡು ದೀಪ,
‘ನಿನ್ನ ನೆತ್ತರಿಗೆ ಲೆಕ್ಕ ಕೇಳತೀವಿ’.
ಹನ್ನೊಂದರೊಳಗ ಕೇಳಿದರು.
ಎಣ್ಣಿಮಿಲ್ಲಿನ ಅಳಿಯ, ಒಗ್ಗಾಣಿ ಅಂಗಡ್ಯಾಗ,
ಮಿರ್ಚಿ ಇನ್ನೂ ಬಿಸಿ ಇತ್ತಂತ.

ತಾಯಕ್ಕ ಹಿತ್ತಲ ಬಾಗಿಲಿಗೆ ಬಂದಳು.
ಕ್ಯಾರಿಬ್ಯಾಗ್ ಬಿಚ್ಚಿದಳು.
ದವಾಖಾನ್ಯಾಗ ಪೊಲೀಸರು ಬರೋದರೊಳಗ
ಮಗನ ಮೈಯಿಂದ ತಾನೇ ತೆಗೆದಿದ್ದಳಂತ.
ಕಲಿ ತೋರಿಸಲಿಲ್ಲ.
ಕಾಲರ್ ತಿರುವಿ ಗುಣಾಕಾರದ ಮ್ಯಾಲೆ ಬೆರಳಿಟ್ಟಳು.

‘ಇದು ಹೋಗತೈತೇನ?’

‘ನೆತ್ತರು ಹೋಗತೈತವ್ವ.
ಗೇರು ಹೋಗಂಗಿಲ್ಲ.’

ಇದು ನಮ್ಮ ಮನಿಗೆ ಹೆಂಗ ಬಂತಂತ ಅಕಿ ಕೇಳಲಿಲ್ಲ.
ಕೇಳಿದ್ದರ ಹೇಳತಿದ್ದೆ. ಹೇಳತಿದ್ದೆನೋ ಏನೋ.
ಇಸ್ತ್ರಿಪೆಟ್ಟಿಗ್ಯಾಗ ಇದ್ದಲಿ ಬೂದಿ ಆಗೋತನ
ನನ್ನ ಕಲ್ಲಿನ ಮ್ಯಾಲೆ ಕುಂತಿದ್ದಳು.
ಎದ್ದು, ಸೆರಗು ಜಾಡಿಸಿ ಅಂದಳು:

‘ಒಗಿ. ಗಂಜಿ ಹಾಕು. ಇಸ್ತ್ರಿ ಮಾಡು.
ಯಾರದೈತಿ ಅವರಿಗೆ ಕೊಡು.’

ತಣ್ಣೀರು. ಉಪ್ಪು. ಎರಡು ರಾತ್ರಿ.
ಬೆನ್ನಿನ ಸೀಳಿಗೆ ಹಸಿರು ದಾರ ಹುಡುಕಿ
ಕಾಣದಂಗ ಹೊಲದೆ.

ಎಣ್ಣಿಮಿಲ್ಲಿನ ಗಂಟಿನ ತಳಕ್ಕ ಇಟ್ಟು ಕೊಟ್ಟೆ.
ಪಡಸಾಲ್ಯಾಗ ಬಿಚ್ಚಿ ಎಣಿಸಿದರು:
ಅಂಗಿ ಒಂಬತ್ತು, ಪ್ಯಾಂಟು ಆರು, ಅಳಿಯನ ಪಂಚಿ ಒಂದು.

ಲೆಕ್ಕ ಸರಿ ಐತಿ ಅಂದರು.